ಕೇದಿಗೆ ಗರಿಯೂ ಗ್ಯಾಸ್ಕೆಟ್ಟೂ

ನಾನೇ ಬಿಚ್ಚಿ, ನಾನೇ ತೊಳೆದು, ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ ಪಟ್ಟಿ ಕೂರಿಸಿ ನಾನೇ ಮುಚ್ಚಿದ ಬೋಟಿನ ಮೋಟಾರು ಸೋಮವಾರ ಬೆಳಿಗ್ಗೆ ಊರೆಲ್ಲ ನೋಡುತ್ತಿದ್ದಾಗ ಸೋರಿತು. ಅರ್ಧಕ್ಕೆ ಕತ್ತರಿಸಿದ ಡ್ರಮ್ಮಿಗೆ ನೀರು ತುಂಬಿ, ಮೋಟಾರನ್ನು ಅದರ ಅಂಚಿನ ಹಲಗೆಗೆ ಬಿಗಿದು, ಹಗ್ಗ ಎಳೆದು ಚಾಲೂ ಮಾಡಿ ಹತ್ತು ನಿಮಿಷವೂ ಆಗಿರಲಿಲ್ಲ. ಸಿಲಿಂಡರಿನ ತಲೆ ಮೈಗೆ ಕೂಡುವ ಗೆರೆಯ ಮೇಲ್ಮೂಲೆಯಲ್ಲಿ ನೀರು ಕಾಣಿಸಿತು. ಬಟ್ಟೆಯಿಂದ ಒರೆಸಿದೆ. ಮತ್ತೆ ಬಂತು. ಬೋಲ್ಟು ಬಿಗಿದೆ, ಇನ್ನೂ ಜೋರಾಗಿ ಬಂತು.

ನಗುವವರು ನಕ್ಕರು. ಹದಿನಾಲ್ಕು ವರ್ಷ ಜರ್ಮನರ ಸರಕು ಹಡಗುಗಳ ಹೊಟ್ಟೆಯಲ್ಲಿ, ಮನೆಯಷ್ಟು ದೊಡ್ಡ ಎಂಜಿನ್ನುಗಳ ಪಕ್ಕ ಬೆವರು ಸುರಿಸಿ ಬಂದವನು ನಾನು, ಕರೋಟು. ಊರಿನ ನಲವತ್ತು ಕುದುರೆ ಶಕ್ತಿಯ ಹಳೆಯ ಮೋಟಾರಿನ ಎದುರು ಒದ್ದೆ ಬಟ್ಟೆ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದೆ. ನನ್ನದೇ ಊರಿನಲ್ಲಿ ನನ್ನ ಮಾನ ಹನಿಹನಿಯಾಗಿ ಮರಳಿಗಿಳಿಯುತ್ತಿತ್ತು. ಆದರೆ ಅದು ಅಂಥ ದೊಡ್ಡ ಮಾತಲ್ಲ. ದೊಡ್ಡ ಮಾತು ನನ್ನ ಅತ್ತಿಗೆಯ ಕಾಲು.

ಅತ್ತಿಗೆ, ಎಂದರೆ ಅಣ್ಣ ಬಿರಿಬೊನ ಹೆಂಡತಿ ತೆಬೋರಾ, ಸಕ್ಕರೆ ಕಾಯಿಲೆಯವಳು. ಬಂಡೆಯ ಮೇಲೆ ಚಿಪ್ಪು ಆಯುವಾಗ ಕಾಲಿಗೆ ಚುಚ್ಚಿದ್ದನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಹೆಬ್ಬೆರಳು ಕಪ್ಪಾದ ಮೇಲೆ ತೋರಿಸಿದಳು. ನರ್ಸು ನೋಡಿ, ಗುರುವಾರದ ವಿಮಾನಕ್ಕೆ ರಾಜಧಾನಿ ತರಾವಾದ ಆಸ್ಪತ್ರೆಗೆ ಹೋಗಲೇಬೇಕು, ಈಗ ಹೋದರೆ ಒಂದೆರಡು ಬೆರಳು ತೆಗೆಯುವುದರಲ್ಲಿ ಮುಗಿಯುತ್ತದೆ, ತಡವಾದರೆ ಆಮೇಲೆ ನನ್ನನ್ನು ಏನೂ ಕೇಳಬೇಡಿ ಎಂದಿದ್ದಳು. ವಿಮಾನ ಇಳಿಯುವುದು ನಮ್ಮ ದ್ವೀಪ ಸುತ್ತುವರಿದ ಆಳವಿಲ್ಲದ ಕಡಲಿನ, ಲಗೂನಿನ, ಆಚೆ ತುದಿಯಲ್ಲಿ. ನಡುವೆ ಎರಡು ಕಡೆ ಕಡಲು ಒಳನುಗ್ಗುತ್ತದೆ, ಸೇತುವೆಯಿಲ್ಲ. ಮೋಟಾರು ಬೋಟಿನಲ್ಲಿ ಮೂರು ಗಂಟೆ. ಆ ಗುರುವಾರ ತಪ್ಪಿದರೆ ಮತ್ತೆ ಹದಿನೈದು ದಿನ ವಿಮಾನದ ಸುಳಿವಿಲ್ಲ. ಅಣ್ಣನ ಹಾಯಿದೋಣಿ ಹೊಲಿಗೆ ಬಿಚ್ಚಿಕೊಂಡು ದೋಣಿ ಕಟ್ಟುವ ಕೊಟ್ಟಿಗೆಯಲ್ಲಿ ಹಲಗೆ ಹಲಗೆಯಾಗಿ ಮಲಗಿತ್ತು.

ಇಲ್ಲಿ ಅಣ್ಣನ ಬಗ್ಗೆ ಹೇಳಲೇಬೇಕು. ನಮ್ಮ ಅಪ್ಪ ದೋಣಿ ಕಟ್ಟುವವನು. ಆ ವಿದ್ಯೆ ಮನೆಯಲ್ಲಿ ಒಬ್ಬನಿಗೆ ಮಾತ್ರ ಸಿಗುತ್ತದೆ, ಅದೂ ಬಾಗಿಲು ಮುಚ್ಚಿಕೊಂಡು, ಕಿವಿಯಲ್ಲಿ. ಅಪ್ಪ ಅದನ್ನು ಹಿರಿಯವನಿಗೆ ಕೊಟ್ಟ. ನನ್ನನ್ನು ನಾವಿಕರ ಶಾಲೆಗೆ ಅಟ್ಟಿದ. ಬಿರಿಬೊ ಕಟ್ಟಿದ ದೋಣಿಯಲ್ಲಿ ಒಂದು ಮೊಳೆ ಇರುವುದಿಲ್ಲ. ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾನೆ, ಎರಡರ ನಡುವೆ ಕೇದಿಗೆ ಗರಿಯ ಪಟ್ಟಿ ಇಡುತ್ತಾನೆ. ಹೊಸ ದೋಣಿ ನೀರಿಗಿಳಿದ ದಿನ ಜರಡಿಯಂತೆ ಸೋರುತ್ತದೆ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಲ್ಲು ಹೇರಿ ಎರಡು ದಿನ ತಗ್ಗು ನೀರಲ್ಲಿ ಮುಳುಗಿಸಿಡುತ್ತಾರೆ. ಗರಿ ನೀರು ಕುಡಿಯುತ್ತದೆ, ಉಬ್ಬುತ್ತದೆ, ಸಂದಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಹತ್ತು ವರ್ಷ ಒಂದು ಹನಿ ಒಳಗೆ ಬರುವುದಿಲ್ಲ. ಅದು ನಿಜ. ನಾನು ಕಣ್ಣಾರೆ ಕಂಡಿದ್ದೇನೆ, ಹೊಟ್ಟೆ ಉರಿದುಕೊಂಡೂ ಇದ್ದೇನೆ.

ಮೋಟಾರು ಊರಿನದ್ದಾದ್ದರಿಂದ ಅದರ ಮಾತು ಊರ ಸಭೆಗೆ ಹೋಯಿತು. ಮಧ್ಯಾಹ್ನ ಎಲ್ಲರೂ ಊರ ಸಭಾಮನೆ ಮಾನೇಬಾದ ದೊಡ್ಡ ಮಾಡಿನಡಿ ಕೂತರು. ಅಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಕಂಬ, ಒಂದು ಜಾಗ. ಮಾತು ಆ ಜಾಗದ ಹಿರಿಯನದ್ದು ಮಾತ್ರ. ನಮ್ಮ ಜಾಗದಲ್ಲಿ ಮುಂದೆ ಕೂರುವವನು ಬಿರಿಬೊ. ಹಿಂದೆ, ಅವನ ಬೆನ್ನು ನೋಡುತ್ತ ಕೂರುವವನು ನಾನು. ನನಗೆ ನಲವತ್ತೊಂಬತ್ತು. ಅಣ್ಣ ಬದುಕಿರುವವರೆಗೂ ಆ ಬೆನ್ನೇ ನನ್ನ ಪಾಲು.

ಮುದುಕರು ಏನು ಮಾಡುವುದೆಂದು ಕೇಳಿದರು. ಅಣ್ಣ ಕೇದಿಗೆ ಎಲೆಯಲ್ಲಿ ಹೊಗೆಸೊಪ್ಪು ಸುತ್ತುತ್ತ, ಅವಸರವಿಲ್ಲದೆ ಶುರು ಮಾಡಿದ.

"ಅದು ಹೊಸ ಜೋಡಣೆ. ಹೊಸದು ಸೋರದೆ ಇರುತ್ತಾ? ನಮ್ಮ ತಮ್ಮ ಬೆಳಿಗ್ಗೆಯಿಂದ ಅದರ ಜೊತೆ ಗುದ್ದಾಡ್ತಿದಾನೆ, ಪಾಪ. ಬಿಗೀತಾನೆ, ಒರೆಸ್ತಾನೆ, ಬಿಗೀತಾನೆ. ಅದನ್ನ ಅದರ ಪಾಡಿಗೆ ಬಿಡ್ಬೇಕು. ಆ ಸಂದಿಗೆ ಒದ್ದೆ ಬಟ್ಟೆ ಸುತ್ತಿ, ದಿನಕ್ಕೆ ನಾಕು ಸಲ ನೀರು ಹಾಕಿ. ಒಳಗಿನ ಪಟ್ಟಿ ಕುಡಿಯತ್ತೆ. ಕುಡಿದ್ರೆ ಉಬ್ಬತ್ತೆ. ಗುರುವಾರದ ಹೊತ್ತಿಗೆ ಮುಚ್ಕೊಂಡಿರತ್ತೆ."

ಮುದುಕರು ತಲೆದೂಗಿದರು. ಆ ಊರಲ್ಲಿ ಸೋರುವುದನ್ನು ನಿಲ್ಲಿಸಿದ್ದು ಅವನೊಬ್ಬನೇ ತಾನೆ? ಮೋಟಾರಿನ ಗ್ಯಾಸ್ಕೆಟ್ ನೀರು ಕುಡಿಯುವ ವಸ್ತುವಲ್ಲ, ಕುಡಿದರೆ ಅದು ಕೆಟ್ಟಿತೆಂದೇ ಅರ್ಥ, ಎಂದು ನಾನು ಒಂದೇ ಮಾತು ಹೇಳಬೇಕಿತ್ತು. ಅಣ್ಣನ ಬೆನ್ನ ಹಿಂದಿನಿಂದ ಹಾಗೆ ಹೇಳಿದ ಮನುಷ್ಯ ನಮ್ಮ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ.

ಹೊರಗೆ ಬಂದ ಮೇಲೆ ಹೇಳಿದೆ. ತೆಂಗಿನ ಸಾಲಿನ ಹತ್ತಿರ ಅವನನ್ನು ನಿಲ್ಲಿಸಿ, ಅಣ್ಣಾ, ಆ ತಲೆಯ ಮುಖ ಸಮವಾಗಿಲ್ಲ, ಹಿಂದೆ ಯಾರೋ ನೀರಿಲ್ಲದೆ ಓಡಿಸಿದಾಗ ಕಾದು ಬಾಗಿರಬೇಕು, ಮತ್ತೆ ಬಿಚ್ಚಿ ಉಜ್ಜಿ ಸಮ ಮಾಡಬೇಕು, ನನ್ನ ಹತ್ತಿರ ಇನ್ನೊಂದು ಗ್ಯಾಸ್ಕೆಟ್ ಇದೆ, ಹಡಗಿನವರು ಯಾವಾಗಲೂ ಎರಡೆರಡು ತರಿಸುತ್ತೇವೆ, ಎಂದೆ. ಅವನು ಕೊನೆಯವರೆಗೂ ಕೇಳಿಸಿಕೊಂಡ. ಅಷ್ಟರ ಮಟ್ಟಿಗೆ ಒಳ್ಳೆಯವನು.

"ಬೋಲ್ಟುಗಳು ತುಕ್ಕು ಹಿಡಿದಿವೆ ಅಂತ ನೀನೇ ಹೇಳಿದ್ದೆ," ಎಂದ. "ಮೊದಲ ಸಲ ಬಿಚ್ಚುವಾಗ್ಲೇ ಒಂದು ಮುರಿಯೋದ್ರಲ್ಲಿತ್ತು ಅಂದಿದ್ದೆ. ಈಗ ಮತ್ತೆ ಬಿಚ್ಚಿ ಅದು ಮುರೀತು ಅಂತಿಟ್ಕೋ. ಅವಳನ್ನ ನಿನ್ನ ಬೆನ್ನ ಮೇಲೆ ಹೊತ್ಕೊಂಡು ಹೋಗ್ತೀಯಾ, ಮೆಕ್ಯಾನಿಕ್ಕು?"

ಅವನ ಗರಿ, ನೀರಿನ ಪುರಾಣಕ್ಕೆ ನಾನು ಬಗ್ಗಲಿಲ್ಲ, ಈ ಪ್ರಶ್ನೆಗೆ ಬಗ್ಗಿದೆ. ನಿಜ ಹೇಳಬೇಕೆಂದರೆ ನನಗೂ ಭಯವಿತ್ತು. ಬೋಲ್ಟು ಮುರಿದರೆ ತಪ್ಪು ಪೂರ್ತಿ ನನ್ನದು. ಸುಮ್ಮನಿದ್ದು ಕೆಟ್ಟರೆ ತಪ್ಪು ಅಣ್ಣನದ್ದು, ಮುದುಕರದ್ದು, ಇಡೀ ಊರಿನದ್ದು. ಸುಮ್ಮನಿದ್ದೆ. ನನ್ನ ಹೆದರಿಕೆಗೆ ಹಿರಿಯರ ಮರ್ಯಾದೆ ಎಂದು ಹೆಸರಿಟ್ಟುಕೊಂಡೆ, ಚೆನ್ನಾಗಿಯೂ ಒಪ್ಪಿತು.

ಎರಡು ದಿನ ಮೋಟಾರಿನ ಆರೈಕೆ ನಡೆಯಿತು. ಅಣ್ಣ ತಾನೇ ತನ್ನ ಹಳೆಯ ಲುಂಗಿ ಹರಿದು ಆ ಗೆರೆಗೆ ಸುತ್ತಿದ, ತೆಂಗಿನ ಚಿಪ್ಪಿನಲ್ಲಿ ಹೊತ್ತುಹೊತ್ತಿಗೆ ನೀರು ಹನಿಸಿದ. ಒಮ್ಮೆ ಅವನ ಬಾಯಿ ಅಲುಗುತ್ತಿರುವುದು ಕಂಡೆ, ದೋಣಿಗೆ ಹೇಳುವ ಅದೇ ಮಾತುಗಳನ್ನು ಮೋಟಾರಿಗೆ ಹೇಳುತ್ತಿದ್ದ. ನನಗೆ ನಗು ಬರಲಿಲ್ಲ. ಹೆಂಡತಿಗಾಗಿ ಅವನಿಗೆ ಗೊತ್ತಿದ್ದ ಎಲ್ಲವನ್ನೂ ಮಾಡುತ್ತಿದ್ದ, ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಬುಧವಾರ ಸಂಜೆ ಪರೀಕ್ಷೆ. ಹಗ್ಗ ಎಳೆದೆ, ಹತ್ತಿಕೊಂಡಿತು. ಎರಡು ನಿಮಿಷ ಓಡಿಸಿದೆ. ಒಂದು ಹನಿಯೂ ಇಲ್ಲ. ಹೆಂಗಸರು ಚಪ್ಪಾಳೆ ತಟ್ಟಿದರು. ಯಾರೋ ನನ್ನ ಬೆನ್ನಿಗೆ ಗುದ್ದಿ, ಹಡಗಿನ ಎಂಜಿನ್ನಿಗೂ ಲುಂಗಿ ಸುತ್ತಬೇಕಿತ್ತು ನೀನು ಎಂದ. ತಣ್ಣಗಿರುವ ಮೋಟಾರು ಎರಡು ನಿಮಿಷದಲ್ಲಿ ಏನನ್ನೂ ಹೇಳುವುದಿಲ್ಲ, ಲೋಹ ಕಾಯಬೇಕು, ನೀರಿನ ಒತ್ತಡ ತಲೆಯವರೆಗೆ ಏರಬೇಕು, ಆಗ ಗೊತ್ತಾಗುತ್ತದೆ. ಇನ್ನೂ ಅರ್ಧ ಗಂಟೆ ಓಡಿಸೋಣ ಎಂದೆ. ಇರುವ ಪೆಟ್ರೋಲು ನಾಳೆಗೆ ಸರಿಯಾಗಿ ಸಾಕು ಎಂದ ಅಣ್ಣ. ಅದೂ ನಿಜವೇ. ಆ ನಾಲ್ಕು ದಿನ ಅವನು ಹೇಳಿದ್ದರಲ್ಲಿ ಒಂದೇ ಒಂದು ಸುಳ್ಳು, ಉಳಿದದ್ದೆಲ್ಲ ನಿಜ.

ಗುರುವಾರ ಬೆಳಕು ಹರಿಯುವಾಗ ಹೊರಟೆವು. ಅತ್ತಿಗೆಯನ್ನು ಚಾಪೆಯ ಮೇಲೆ ಕೂರಿಸಿ, ಕಾಲಿಗೆ ದಿಂಬು ಕೊಟ್ಟೆವು. ತರಾವಾದ ನೆಂಟರಿಗೆಂದು ತಾನೇ ನೇಯ್ದ ಎರಡು ಚಾಪೆ ಸುರುಳಿ ಮಾಡಿ ತಂದಿದ್ದಳು. ಅಣ್ಣ ಮುಂದೆ, ನಾನು ಹಿಂದೆ ಮೋಟಾರಿನ ಹಿಡಿಯಲ್ಲಿ. ಕಾಲಿನ ವಾಸನೆ ಗಾಳಿಗೆ ಬರುತ್ತಿತ್ತು, ಮೂವರೂ ಬರದವರಂತಿದ್ದೆವು. ಅತ್ತಿಗೆಯೇ ಮಾತು ತೆಗೆದಳು.

"ಕರೋಟು, ಈ ಮೋಟಾರಿಗೆ ಎರಡು ದಿನ ನಿಮ್ಮಣ್ಣ ಸ್ನಾನ ಮಾಡ್ಸಿದ್ರಂತೆ. ಮದುವೆಯಾಗಿ ನಲವತ್ತು ವರ್ಷ, ನನಗೊಂದು ಚೊಂಬು ನೀರು ಹಾಕಿದೋರಲ್ಲ."

"ನೀನು ಸೋರ್ತಿರ್ಲಿಲ್ಲವಲ್ಲ," ಎಂದ ಅಣ್ಣ, ಹಿಂದಿರುಗಿ ನೋಡದೆ. ಅತ್ತಿಗೆ ಹೊಟ್ಟೆ ಕುಣಿಸಿ ನಕ್ಕಳು.

ಒಂದೂವರೆ ಗಂಟೆ ಚೆನ್ನಾಗಿತ್ತು. ಎರಡನೆಯ ಕಡಲ ಬಾಯಿ ದಾಟುವಾಗ ಮೋಟಾರಿನ ಸದ್ದು ಬದಲಾಯಿತು. ಮುಚ್ಚಳ ತೆಗೆದೆ. ಅಣ್ಣನ ಲುಂಗಿಯ ಚೂರಿನಿಂದ ಹಬೆ ಏಳುತ್ತಿತ್ತು, ಕೆಳಗಿನಿಂದ ಬಿಸಿನೀರು ಸಾಲಾಗಿ ಇಳಿಯುತ್ತಿತ್ತು. ಸೋರಿದ ನೀರು ಹೊರಗೆ ಬಂದಂತೆ ಒಳಗೂ ಹೋಗಿರುತ್ತದೆ. ಒಂದು ಸಿಲಿಂಡರು ಸತ್ತಿತು. ಇನ್ನೊಂದು ಸ್ವಲ್ಪ ಹೊತ್ತು ಒದ್ದಾಡಿ ನಿಂತಿತು. ತಣಿಸಿ, ಪ್ಲಗ್ಗು ಒಣಗಿಸಿ ಎಳೆದೆ, ಹತ್ತು ನಿಮಿಷ ಓಡಿತು. ಮತ್ತೆ ತಣಿಸಿದೆ, ನಾಲ್ಕು ನಿಮಿಷ. ಮೂರನೆಯ ಸಲ ಅಂಗೈ ಸಿಪ್ಪೆ ಸುಲಿಯುವವರೆಗೆ ಹಗ್ಗ ಎಳೆದರೂ ಉಸಿರೆತ್ತಲಿಲ್ಲ.

ಇಳಿತ ಶುರುವಾಗಿತ್ತು. ಅಣ್ಣ ಗಳ ಹಿಡಿದು ತಳ್ಳಿದ. ನಾನು ನೀರಿಗಿಳಿದು ಹಿಂದಿನಿಂದ ನೂಕಿದೆ. ಮರಳುದಿಬ್ಬದ ಹತ್ತಿರ ಬೋಟಿನ ಹೊಟ್ಟೆ ನೆಲಕ್ಕೆ ತಾಗಿ ಕೂತುಬಿಟ್ಟಿತು. ಆಚೆ ದಡದ ತೆಂಗಿನ ಸಾಲು ಕಾಣುತ್ತಿತ್ತು, ವಿಮಾನ ಇಳಿಯುವ ಜಾಗದಲ್ಲಿ ಗಾಳಿಯ ದಿಕ್ಕು ತೋರುವ ಬಟ್ಟೆಚೀಲವೂ ಕಾಣುತ್ತಿತ್ತು. ವಿಮಾನ ಬಂತು, ಇಳಿಯಿತು. ಇಪ್ಪತ್ತು ನಿಮಿಷ ಅಲ್ಲೇ ಇತ್ತು. ಮೊಣಕಾಲುದ್ದ ನೀರಲ್ಲಿ ನಿಂತು ನಾವಿಬ್ಬರೂ ಅಂಗಿ ಬಿಚ್ಚಿ ಬೀಸಿದೆವು. ಅದು ಎದ್ದು, ನಮ್ಮ ತಲೆಯ ಮೇಲೆಯೇ ತರಾವಾದ ಕಡೆಗೆ ತಿರುಗಿತು. ಅತ್ತಿಗೆ ಹಣೆಗೆ ಕೈ ಅಡ್ಡ ಹಿಡಿದು ಅದು ಚುಕ್ಕೆಯಾಗುವವರೆಗೆ ನೋಡಿದಳು. ಮೊದಲು ಮಾತಾಡಿದವನು ಅಣ್ಣ.

"ಇನ್ನೊಂದು ದಿನ ಸಿಕ್ಕಿದ್ರೆ ಮುಚ್ಕೊಂಡಿರೋದು."

ಆಗ ನನಗೆ ಬಂದ ಸಿಟ್ಟನ್ನು ಹೇಳಲಾರೆ. ಗಳ ಕಿತ್ತುಕೊಂಡು ಅವನ ತಲೆಗೆ ಬಾರಿಸುವಷ್ಟು ಬಂತು. ಅದರಲ್ಲಿ ಅರ್ಧ ನನ್ನ ಮೇಲಿನದ್ದು. ಬಾಯಿ ತೆರೆದಿದ್ದರೆ ಅತ್ತಿಗೆಯ ಮುಂದೆಯೇ ಎಲ್ಲ ಬಿಚ್ಚಿಕೊಳ್ಳುತ್ತಿತ್ತು. ಹಾಗಾಗಿ ಅಂಗಿ ಹಾಕಿಕೊಂಡು ಉಬ್ಬರಕ್ಕೆ ಕಾದೆ. ಮೀನುಗಾರರ ಬೋಟೊಂದು ನಮ್ಮನ್ನು ಎಳೆದುಕೊಂಡು ಬಂದು ಊರಿಗೆ ಬಿಟ್ಟಿತು.

ಶುಕ್ರವಾರ ಬೆಳಿಗ್ಗೆ ಮೋಟಾರನ್ನು ಹೊತ್ತು ನನ್ನ ಗುಡಿಸಲ ಹಿಂದಕ್ಕೆ ತಂದೆ. ಯಾರನ್ನೂ ಕೇಳಲಿಲ್ಲ. ಮುರಿಯುತ್ತದೆಂದು ನಾವಿಬ್ಬರೂ ಹೆದರಿದ್ದ ಆ ಬೋಲ್ಟು ಸ್ಪ್ಯಾನರಿಗೆ ಒಂದು ಸಲ ಕಿರ್ರೆಂದು ಸುಲಭವಾಗಿ ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ತಲೆ ಬಿಚ್ಚಿ ಉಕ್ಕಿನ ಅಳತೆಪಟ್ಟಿಯನ್ನು ಅದರ ಮುಖದ ಮೇಲೆ ಅಂಚಿಗೆ ನಿಲ್ಲಿಸಿ, ಕೆಳಗೆ ಸಿಗರೇಟಿನ ಕಾಗದ ತೂರಿಸಿದೆ. ಮೇಲ್ಮೂಲೆಯಲ್ಲಿ ಮೂರು ಪದರ ಸಲೀಸಾಗಿ ಹೋಯಿತು. ಮೊದಲ ಸಲವೇ ಈ ಪರೀಕ್ಷೆ ಮಾಡಬೇಕಿತ್ತು. ಹಡಗಿನಲ್ಲಿ ಮಾಡದೆ ಬಿಟ್ಟಿದ್ದರೆ ಮುಖ್ಯ ಎಂಜಿನಿಯರು ಕೆನ್ನೆಗೆ ಹೊಡೆಯುತ್ತಿದ್ದ. ಊರಿನ ಮೋಟಾರಲ್ಲವೇ, ಸಾಕು ಎಂದು ಬಿಟ್ಟಿದ್ದೆ.

ಉಜ್ಜಲು ಸಮವಾದ ಹಾಸು ಬೇಕು. ನಮ್ಮ ಊರಿನಲ್ಲಿ ನಿಜವಾಗಿ ಸಮವಾದ ವಸ್ತು ಗಾಜು ಒಂದೇ, ನನ್ನ ಮನೆಯಲ್ಲಿದ್ದ ಗಾಜು ಅಪ್ಪನ ಪಟದ್ದು. ಕಳಚಿದೆ. ಅದರ ಮೇಲೆ ಉಪ್ಪುಕಾಗದ ಹಾಸಿ, ನೀರು ಹನಿಸಿ, ತಲೆಯನ್ನು ಎಂಟರ ಆಕಾರದಲ್ಲಿ ತಿರುಗಿಸಿ ತಿರುಗಿಸಿ ಉಜ್ಜಿದೆ. ಎಲ್ಲ ಕಡೆ ಒಂದೇ ಮಸುಕು ಬಣ್ಣ ಬರುವವರೆಗೆ ಉಜ್ಜಿದೆ. ಬೋಲ್ಟಿನ ತೂತುಗಳ ಉಪ್ಪು ಕೆರೆದು ತೆಗೆದೆ. ಇನ್ನೊಂದು ಗ್ಯಾಸ್ಕೆಟ್ ಇಟ್ಟು, ನಡುವಿನ ಬೋಲ್ಟಿನಿಂದ ಶುರು ಮಾಡಿ ಅಡ್ಡಡ್ಡವಾಗಿ ಹೊರಕ್ಕೆ, ಮೂರು ಸುತ್ತು, ಸ್ವಲ್ಪ ಸ್ವಲ್ಪವೇ ಬಿಗಿದೆ. ಮುಗಿಸಲು ಐದು ಗಂಟೆ ಹಿಡಿಯಿತು. ಸೋಮವಾರ ಮಧ್ಯಾಹ್ನ ಮಾನೇಬಾದಲ್ಲಿ ಬೆನ್ನು ನೋಡುತ್ತ ಕೂರುವ ಬದಲು ಈ ಕೆಲಸಕ್ಕೆ ಕೂತಿದ್ದರೆ ಕತ್ತಲಾಗುವ ಮೊದಲೇ ಮುಗಿಯುತ್ತಿತ್ತು.

ಡ್ರಮ್ಮಿನಲ್ಲಿ ಒಂದು ಗಂಟೆ ಓಡಿಸಿದೆ. ಗೆರೆಯ ಮೇಲೆ ಬೆರಳಾಡಿಸಿದೆ. ಸುಡುವಷ್ಟು ಬಿಸಿ, ಆದರೆ ಒಣ. ಸದ್ದಿಗೆ ಅಣ್ಣ ಬಂದ. ನಿಂತು ಮೋಟಾರನ್ನು ನೋಡಿದ, ಬಗ್ಗಿ ಕೆಳಗಿನ ಮರಳು ಮುಟ್ಟಿದ. ಮರಳೂ ಒಣ.

"ನಿಂತಿತಾ?" ಎಂದ.

"ನಿಂತಿತು," ಎಂದೆ.

ತೆಂಗಿನ ಬುಡಕ್ಕೆ ಒರಗಿಸಿದ್ದ ಗಾಜಿನ ಮೇಲೆ ಅವನ ಕಣ್ಣು ಬಿತ್ತು. ಅಂಚೆಲ್ಲ ಗೀರು ಬಿದ್ದು, ಬೂದು ಕೆಸರು ಮೆತ್ತಿಕೊಂಡಿತ್ತು. ಪಕ್ಕದಲ್ಲಿ ಗಾಜಿಲ್ಲದ ಚೌಕಟ್ಟಿನಲ್ಲಿ ಅಪ್ಪ. ಎರಡು ಹಲಗೆಯ ನಡುವಿನ ಕೂದಲೆಳೆಯ ಸಂದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ಹೇಳುವ ಮನುಷ್ಯ ಅಣ್ಣ. ಕಣ್ಣೆದುರಿನ ಗಾಜು ನೋಡಿಯೂ ನಾನು ಉಜ್ಜಿ ಸರಿಮಾಡಿದ್ದು ತಿಳಿಯಲಿಲ್ಲ ಎಂದರೆ ನಂಬುವವನು ನಾನಲ್ಲ. ಆಮೇಲೆ ಚೌಕಟ್ಟನ್ನು ಎತ್ತಿ, ಅಪ್ಪನ ಮುಖಕ್ಕೆ ಬಿಸಿಲು ಬೀಳದಂತೆ ನೆರಳಿಗಿಟ್ಟು ಹೋದ. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಮಾನೇಬಾದಲ್ಲಿ, ನಮ್ಮ ಕಂಬದ ಬುಡದಲ್ಲಿ, ನನ್ನ ಮುಂದೆ ಅದೇ ಬೆನ್ನು. ಮೋಟಾರು ಕೊನೆಗೂ ಮುಚ್ಚಿಕೊಂಡಿತು, ಅದಕ್ಕೆ ದೋಣಿಗಿಂತ ಸ್ವಲ್ಪ ಹೆಚ್ಚು ದಿನ ಬೇಕಿತ್ತು, ಮುಂದಿನ ಸಲ ನೆನಪಿರಲಿ ಎಂದು ಹೇಳಿದ. ಮುದುಕರು ತಲೆದೂಗಿದರು. ನಾನು ಎದ್ದು ನಿಂತು ಕೂಗಬಹುದಿತ್ತು. ಕೂಗಿದ್ದರೆ ಹೆಂಡತಿಯ ಕಾಲನ್ನು ಅವನೇ ಕೊಳೆಸಿದ ಎಂದು ಊರಿನೆದುರು ಸಾರಿದಂತಾಗುತ್ತಿತ್ತು, ಜೊತೆಗೆ ಗೊತ್ತಿದ್ದೂ ನೀನೇನು ಮಾಡುತ್ತಿದ್ದೆ ಎಂದು ಯಾರಾದರೂ ಕೇಳುತ್ತಿದ್ದರು.

ಮುಂದಿನ ವಿಮಾನಕ್ಕೆ ಅತ್ತಿಗೆಯನ್ನು ಕರೆದೊಯ್ದೆವು. ಮೂರು ಗಂಟೆಯ ದಾರಿ, ಎರಡೂ ಮುಕ್ಕಾಲರಲ್ಲಿ ಮುಟ್ಟಿದೆವು. ಅಷ್ಟರಲ್ಲಿ ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ತರಾವಾದಲ್ಲಿ ಮೊದಲು ಮೊಣಕಾಲ ಕೆಳಗೆ ಕತ್ತರಿಸಿದರಂತೆ. ಆ ಗಾಯವೂ ಮಾಯದೆ ಹೋಗಿ ಮೊಣಕಾಲ ಮೇಲೆ ಕತ್ತರಿಸಿದರಂತೆ.

ಮೂರು ತಿಂಗಳಾದ ಮೇಲೆ ವಾಪಸು ಬಂದಳು. ನಾನೂ ಅಣ್ಣನೂ ಅದೇ ಬೋಟಿನಲ್ಲಿ ಹೋಗಿ ಕರೆತಂದೆವು. ಅಣ್ಣ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನೀರಲ್ಲಿ ನಡೆದು ಬಂದು ಚಾಪೆಯ ಮೇಲೆ ಕೂರಿಸಿದ. ತೂಕ ಕಡಿಮೆಯಾಗಿದೆ ಎಂದಳು ಅವಳು, ಯಾರೂ ನಗಲಿಲ್ಲ. ಮೋಟಾರಿಗೆ ಕೈ ಎಟುಕುವಷ್ಟು ಹತ್ತಿರ, ನನ್ನ ಕಡೆ ಮುಖ ಮಾಡಿ ಕೂತಿದ್ದಳು. ಮರಳುದಿಬ್ಬ ದಾಟಿದ ಮೇಲೆ ಕೈ ಚಾಚಿ ಮೋಟಾರಿನ ಕೆಳಗೆ ಮುಟ್ಟಿ ನೋಡಿದಳು, ಬೆರಳು ಬೆರಳಿಗೆ ಉಜ್ಜಿದಳು.

"ಯಾವಾಗ ನಿಂತಿತು ಇದರ ಸೋರಿಕೆ?"

ನಾನು ಬಾಯಿ ತೆರೆಯುವ ಮೊದಲೇ ಮುಂದಿನಿಂದ ಉತ್ತರ ಬಂತು.

"ನೀನು ಹೋಗೋಕೆ ಮುಂಚೇನೇ. ನಿಧಾನಕ್ಕೆ ನೀರು ಕುಡೀತು, ಮುಚ್ಕೊಳ್ತು."

"ಹೌದಾ ಕರೋಟು?"

ನಾನು ಅಣ್ಣನ ಕಡೆ ನೋಡಿದೆ. ಅವನು ತಿರುಗಿರಲಿಲ್ಲ. ಬೋಟಿನ ಅಂಚಿನ ಮೇಲೆ ಅವನ ಹೆಬ್ಬೆರಳು ಸಂದಿ ಹುಡುಕುವಂತೆ ಹಿಂದೆ ಮುಂದೆ ಓಡಾಡುತ್ತಿತ್ತು.

"ಹೌದು ಅತ್ತಿಗೆ," ಎಂದೆ.

ಅವಳು ತಲೆಯಾಡಿಸಿದಳು. ಕಾಲಿಲ್ಲದ ಕಡೆ ಚಾಪೆಯ ತುದಿ ಎಳೆದುಕೊಂಡಳು. ಸ್ವಲ್ಪ ದೂರ ಹೋದ ಮೇಲೆ, ಯಾರಿಗೆಂದಿಲ್ಲದೆ, ಚಾಪೆಯ ಹೆಣಿಗೆಯ ಮೇಲೆ ಬೆರಳಾಡಿಸುತ್ತ ಹೇಳಿದಳು.

"ಐವತ್ತು ವರ್ಷ ಕೇದಿಗೆ ಗರಿ ಸೀಳಿದೀನಿ. ಗರಿ ನೀರು ಕುಡಿಯತ್ತೆ, ಮರದಲ್ಲಿದ್ದಾಗ್ಲೂ ಕುಡೀತಿತ್ತಲ್ಲ, ಅದಕ್ಕೆ ಅಭ್ಯಾಸ. ಈ ಮೋಟಾರೊಳಗೆ ಹಾಕಿರೋ ಪಟ್ಟಿ ಇದ್ಯಲ್ಲ, ಅದು ಯಾವ ಮರದ್ದು?"

ಅಣ್ಣನ ಹೆಬ್ಬೆರಳು ನಿಂತಿತು. ನಾನು ಮೋಟಾರಿನ ಹಿಡಿ ತಿರುಗಿಸಿ ವೇಗ ಹೆಚ್ಚಿಸಿದೆ, ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನುವ ಹಾಗೆ. ಅವಳು ಎರಡನೆಯ ಸಲ ಕೇಳಲಿಲ್ಲ. ಮೋಟಾರು ಒಂದು ಹನಿಯೂ ಸೋರದೆ ನಮ್ಮನ್ನು ಊರು ಮುಟ್ಟಿಸಿತು.